ಲಿಪ್‌ಸ್ಟಿಕ್ ಗಿಡ: ಪುಣೆಯ ಮಾರ್ಕೆಟ್ ಯಾರ್ಡ್ ಪರಿಸರದಲ್ಲಿ ಅದರ ಬೆಳೆ ಮತ್ತು ಆರೈಕೆ

ಲಿಪ್‌ಸ್ಟಿಕ್ ಗಿಡ ಗೆಸ್ನೇರಿಯೇಸೀ ಕುಟುಂಬದ ಈಸ್ಕಿನಾಂಥಸ್ ಜಾತಿಗೆ ಸೇರಿದ ಬಹುವಾರ್ಷಿಕ ಹೂಗಿಡ. ಕಾಂಡಗಳು ಎರಡು-ಮೂರು ಅಡಿ ಉದ್ದಕ್ಕೆ ಜೋತುಬಿದ್ದು ತುದಿಯಲ್ಲಿ ಗೊಂಚಲಾಗಿ ಹೂ ಬಿಡುವುದರಿಂದ ಇದನ್ನು ಸಾಮಾನ್ಯವಾಗಿ ತೂಗುಕುಂಡದಲ್ಲೇ ಬೆಳೆಸುತ್ತಾರೆ. ಕಪ್ಪು ಛಾಯೆಯ ಕೊಳವೆಯಂಥ ಪುಷ್ಪಪಾತ್ರೆಯೊಳಗಿಂದ ಕೆಂಪು ಮೊಗ್ಗು ಮೇಲೇರಿ ಬರುವ ರೀತಿ ಲಿಪ್‌ಸ್ಟಿಕ್ ಡಬ್ಬಿಯನ್ನು ಹೋಲುತ್ತದೆ. ಹೆಸರು ಬಂದದ್ದು ಅದರಿಂದ. ಕನ್ನಡ ಮನೆಗಳಲ್ಲಿ ಲಿಪ್‌ಸ್ಟಿಕ್ ಬಳ್ಳಿ ಎಂದೂ ಕರೆಯುವುದುಂಟು. ಆದರೆ ಇದು ಅವರೆ, ಮಲ್ಲಿಗೆಗಳಂತೆ ಸುತ್ತಿಕೊಂಡು ಹತ್ತುವ ಬಳ್ಳಿಯಲ್ಲ. ಕಾಡಿನಲ್ಲಿ ಮರದ ಕೊಂಬೆಯ ಮೇಲೆ ಕುಳಿತು, ಅಲ್ಲಿಂದ ಕೆಳಗೆ ಇಳಿಬೀಳುವ ಗಿಡ.

ಮರದ ಮೇಲೆ ಕುಳಿತಿದ್ದರೂ ಇದು ಬಂದಳಿಕೆಯಲ್ಲ. ಬಂದಳಿಕೆ ಮರದ ರಸ ಹೀರುತ್ತದೆ. ಲಿಪ್‌ಸ್ಟಿಕ್ ಗಿಡ ಮರದಿಂದ ಆಸರೆಯೊಂದನ್ನು ಬಿಟ್ಟು ಬೇರೇನನ್ನೂ ಪಡೆಯುವುದಿಲ್ಲ. ತೊಗಟೆಯ ಬಿರುಕಿನಲ್ಲಿ ಕೊಳೆತ ಎಲೆ, ಹಾವಸೆ, ಧೂಳು, ಹಕ್ಕಿಯ ಹಿಕ್ಕೆ ಸೇರಿ ಆಗುವ ಹಿಡಿಯಷ್ಟು ಕಸವೇ ಅದರ ನೆಲ; ಮಳೆ ಮತ್ತು ಮಂಜು ಅದರ ನೀರು. ಇಂಥ ಸಸ್ಯಗಳಿಗೆ ಸಸ್ಯಶಾಸ್ತ್ರದಲ್ಲಿ ಅಧಿಸಸ್ಯ ಎಂಬ ಹೆಸರಿದೆ. ಆರೈಕೆಯ ನಿಯಮಗಳೆಲ್ಲ ಹುಟ್ಟುವುದು ಈ ಒಂದು ಸಂಗತಿಯಿಂದ. ತುಳಸಿಗೆ, ದಾಸವಾಳಕ್ಕೆ ಮೊದಲು ನೋಡಬೇಕಾದ್ದು ಮಣ್ಣು. ಈ ಗಿಡಕ್ಕೆ ಮೊದಲು ನೋಡಬೇಕಾದ್ದು ಗಾಳಿ: ಬೇರಿನ ಸುತ್ತಲಿನ ಗಾಳಿ, ಎಲೆಯ ಸುತ್ತಲಿನ ತೇವ, ಮೊಗ್ಗಿನ ಸುತ್ತ ಸುಳಿಯುವ ಅನಿಲ. ಪುಣೆಯಂಥ ಒಣ ಊರಿನಲ್ಲಿ, ಅದರಲ್ಲೂ ಹಣ್ಣಿನ ರಾಶಿ ಮತ್ತು ಲಾರಿಗಳ ನಡುವಿನ ಮಾರ್ಕೆಟ್ ಯಾರ್ಡ್ ಬಡಾವಣೆಯಲ್ಲಿ, ಈ ಮಾತು ಇನ್ನೂ ಹೆಚ್ಚು ನಿಜ.

ಜಾತಿ, ಪ್ರಭೇದಗಳು

ಈಸ್ಕಿನಾಂಥಸ್ ಜಾತಿಯಲ್ಲಿ 150ಕ್ಕೂ ಹೆಚ್ಚು ಪ್ರಭೇದಗಳಿವೆ. ಹಿಮಾಲಯದ ತಪ್ಪಲಿನಿಂದ ದಕ್ಷಿಣ ಚೀನಾ, ಮಲಯ ಪರ್ಯಾಯ ದ್ವೀಪ, ಇಂಡೊನೇಷ್ಯಾಗಳನ್ನು ಹಾದು ನ್ಯೂಗಿನಿ, ಸಾಲೊಮನ್ ದ್ವೀಪಗಳವರೆಗೆ ಅವು ಹಬ್ಬಿವೆ. ಜಾತಿಯನ್ನು ಹೆಸರಿಸಿದವನು ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಜ್ಯಾಕ್. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದು ಸುಮಾತ್ರಾದ ಕಾಡುಗಳಲ್ಲಿ ಸಸ್ಯ ಸಂಗ್ರಹಿಸಿದ ಈತ 1822ರಲ್ಲಿ, ಇನ್ನೂ 27ರ ಹರೆಯದಲ್ಲಿ, ಅಲ್ಲಿನ ಬೆಂಕುಲೆನ್ ಬಳಿ ತೀರಿಕೊಂಡ. ಹೊಸ ಜಾತಿಯ ವಿವರಣೆ ಅಚ್ಚಾದದ್ದು ಮರುವರ್ಷ, 1823ರಲ್ಲಿ.

ಇಂದು ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಜ್ಯಾಕ್‌ನೇ ಹೆಸರಿಟ್ಟ ಈಸ್ಕಿನಾಂಥಸ್ ರಾಡಿಕನ್ಸ್. ದಪ್ಪ, ಹೊಳೆಯುವ ಹಸಿರು ಎಲೆ, ಕಡುಕೆಂಪು ಹೂ. ಹಿಂದೆ ಪುಲ್ಕರ್, ಲಾಬಿಯಾನಸ್ ಎಂಬ ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುತ್ತಿದ್ದ ಗಿಡಗಳನ್ನು ಈಗ ಬಹುಮಟ್ಟಿಗೆ ಇದರಲ್ಲೇ ಸೇರಿಸುತ್ತಾರೆ. ಲಾಬಿಯಾನಸ್ ಎಂಬುದು 1840ರ ದಶಕದಲ್ಲಿ ಇಂಗ್ಲೆಂಡಿನ ವೀಚ್ ನರ್ಸರಿಗಾಗಿ ಜಾವಾದ ಕಾಡುಗಳನ್ನು ಸುತ್ತಿದ ಥಾಮಸ್ ಲಾಬ್‌ನ ನೆನಪಿನ ಹೆಸರು. ಈ ಗಿಡಗಳು ಯುರೋಪಿನ ಗಾಜಿನ ಮನೆಗಳನ್ನು ಸೇರಿದ್ದು ಆ ಕಾಲದಲ್ಲಿ. ನರ್ಸರಿಗಳಲ್ಲಿ ಸಿಗುವ ಮೋನಾ ಲೀಸಾ, ಎಲೆ ಸುರುಳಿಗಟ್ಟುವ ರಾಸ್ತಾ, ಟ್ವಿಸ್ಟರ್ ಮೊದಲಾದವು ತೋಟಗಾರರು ಆಯ್ದು ಬೆಳೆಸಿದ ತಳಿಗಳು. ಈಸ್ಕಿನಾಂಥಸ್ ಸ್ಪೀಸಿಯೋಸಸ್‌ನ ಹೂ ಕಿತ್ತಳೆ ಬಣ್ಣದ್ದು, ಉದ್ದ, ದೊಡ್ಡ ಗೊಂಚಲಿನದು. ಈಸ್ಕಿನಾಂಥಸ್ ಲಾಂಗಿಕಾಲಿಸ್‌ನ ಎಲೆಯ ಮೇಲೆ ಜಾಲದಂಥ ಗೆರೆಗಳು, ಅಡಿಯಲ್ಲಿ ಕೆನ್ನೇರಳೆ ಬಣ್ಣ. ಹೂ ಹಸುರು ಮಿಶ್ರಿತವಾಗಿ ಮಂಕು. ಅದನ್ನು ಬೆಳೆಸುವುದು ಎಲೆಯ ಚೆಂದಕ್ಕೆ. ಮೊದಲ ಬಾರಿ ಬೆಳೆಸುವವರಿಗೆ ರಾಡಿಕನ್ಸ್‌ನ ನೇರ ಎಲೆಯ ಸಾಮಾನ್ಯ ರೂಪವೇ ಒಳ್ಳೆಯದು. ಸುರುಳಿ ಎಲೆಯ ತಳಿಗಳಲ್ಲಿ ಹಿಟ್ಟು ತಿಗಣೆ ಅಡಗಿಕೊಂಡರೆ ಹುಡುಕಿ ತೆಗೆಯುವುದು ಕಷ್ಟ.

ಇದು ಪೂರ್ತಿ ಹೊರಗಿನ ಗಿಡವೆಂದು ತಿಳಿಯಬೇಕಿಲ್ಲ. ಕೊಡಗು, ಚಿಕ್ಕಮಗಳೂರಿನ ಕಡೆಯ ನಿತ್ಯಹಸುರು ಕಾಡುಗಳಲ್ಲಿ ಇದರ ಹತ್ತಿರದ ನೆಂಟ ಈಸ್ಕಿನಾಂಥಸ್ ಪೆರೋಟೆಟಿಯೈ ಹಾವಸೆಗಟ್ಟಿದ ಕೊಂಬೆಗಳ ಮೇಲೆ ಕೆಂಪು ಹೂ ಬಿಡುತ್ತದೆ. ನೀಲಗಿರಿಯಲ್ಲಿ ಸಸ್ಯ ಸಂಗ್ರಹಿಸಿ, ಪುದುಚೇರಿಯ ಸಸ್ಯೋದ್ಯಾನದಲ್ಲಿ ದುಡಿದ ಸಸ್ಯಶಾಸ್ತ್ರಜ್ಞ ಪೆರೋಟೆಯ ಹೆಸರು ಅದಕ್ಕಿದೆ. ಈಶಾನ್ಯ ಭಾರತದಲ್ಲಿ ಪ್ರಭೇದಗಳು ಇನ್ನೂ ಹೆಚ್ಚು. ಐಸಾಕ್ ಹೆನ್ರಿ ಬರ್ಕಿಲ್ ಅರುಣಾಚಲದಿಂದ ತಂದ ಮಾದರಿಗಳನ್ನು ನೋಡಿ 1912ರಲ್ಲಿ ಸ್ಟೀಫನ್ ಡನ್ ವಿವರಿಸಿದ ಈಸ್ಕಿನಾಂಥಸ್ ಮೊನೆಟೇರಿಯಾ, ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ, 2021ರ ಡಿಸೆಂಬರ್‌ನಲ್ಲಿ ಅಂಜಾವ್ ಜಿಲ್ಲೆಯಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ತಜ್ಞರಿಗೆ ಮತ್ತೆ ಸಿಕ್ಕಿತು. ಅಲ್ಲಿನ ಭೂಕುಸಿತ, ರಸ್ತೆ ಅಗಲೀಕರಣ, ಕುಮರಿ ಬೇಸಾಯಗಳು ಅದಕ್ಕೆ ಕಂಟಕವಾಗಿವೆ. ಕಾಡಿನ ಪ್ರಭೇದಗಳನ್ನು ಕಿತ್ತು ಮನೆಗೆ ತರುವುದು ತಪ್ಪು. ಮರದಿಂದ ಬಿಡಿಸಿದ ಬೇರು ಕುಂಡದಲ್ಲಿ ಉಳಿಯುವುದೂ ಅಪರೂಪ. ನರ್ಸರಿಯಲ್ಲಿ ತುಂಡಿನಿಂದ ಬೆಳೆಸಿದ ಗಿಡ ಬೇಕಾದಷ್ಟು ಸಿಗುವಾಗ ಹಾಗೆ ಮಾಡುವ ಅಗತ್ಯವೂ ಇಲ್ಲ.

ಕೊಂಬೆಯ ಮೇಲಿನ ಬದುಕು

ಎಲೆಗಳು ಗೆಣ್ಣಿಗೆ ಎರಡರಂತೆ ಎದುರುಬದುರಾಗಿರುತ್ತವೆ. ಮುಟ್ಟಿದರೆ ಚರ್ಮದಷ್ಟು ಗಟ್ಟಿ, ಮುರಿದರೆ ಒಳಗೆ ರಸ. ಮೇಲ್ಪದರದ ಅಡಿಯಲ್ಲಿ ನೀರು ಹಿಡಿದಿಡುವ ಕೋಶಗಳ ಪದರವಿದೆ. ಮಳೆ ನಿಂತ ಮೇಲೆ ತೊಗಟೆ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ, ಮುಂದಿನ ಮಳೆಯವರೆಗೆ ಗಿಡ ಬದುಕುವುದು ಈ ಉಳಿತಾಯದಿಂದ. ಎಲೆ ಮೆತ್ತಗಾಗಿ ಸುಕ್ಕುಗಟ್ಟಿದರೆ ಉಳಿತಾಯ ಮುಗಿದಿದೆ ಎಂದರ್ಥ. ಆಗ ನೀರು ಕೊಟ್ಟರೆ ಒಂದೆರಡು ದಿನದಲ್ಲಿ ಎಲೆ ಮತ್ತೆ ಬಿಗಿಯಾಗುತ್ತದೆ. ನೀರು ಕೊಟ್ಟ ಮೇಲೂ ಸುಕ್ಕು ಹೋಗದಿದ್ದರೆ ಬೇರು ಕೊಳೆತಿದೆ ಎಂದು ತಿಳಿಯಬೇಕು. ಇವೆರಡರ ವ್ಯತ್ಯಾಸ ಗುರುತಿಸದೆ, ಸುಕ್ಕು ಕಂಡಾಗಲೆಲ್ಲ ನೀರು ಸುರಿಯುವುದರಿಂದಲೇ ಈ ಗಿಡಗಳು ಹೆಚ್ಚಾಗಿ ಸಾಯುತ್ತವೆ.

ಬೇರುಗಳು ತೆಳು, ಆಳಕ್ಕಿಳಿಯುವುದಿಲ್ಲ. ಗೆಣ್ಣುಗಳಿಂದಲೂ ಬೇರು ಮೂಡಿ ತೊಗಟೆಯನ್ನು ಹಿಡಿದುಕೊಳ್ಳುತ್ತದೆ. ತೊಗಟೆಯ ಕಸದಲ್ಲಿ ನೀರಿನಷ್ಟೇ ಗಾಳಿಯೂ ಇರುವುದರಿಂದ, ಗಾಳಿಯಾಡದ ಜಿಗುಟು ಮಣ್ಣಿನಲ್ಲಿ ಈ ಬೇರು ಉಸಿರುಗಟ್ಟುತ್ತದೆ.

ಹೂವಿನ ಕಥೆ ಬೇರೆಯದು. ಕೆಂಪು ಬಣ್ಣ, ಉದ್ದನೆಯ ಬಾಗಿದ ಕೊಳವೆ, ತಳದಲ್ಲಿ ಧಾರಾಳ ಮಕರಂದ, ವಾಸನೆ ಇಲ್ಲ: ಎಲ್ಲವೂ ಹಕ್ಕಿಗಾಗಿ ಆದ ಏರ್ಪಾಡು. ಇವುಗಳಲ್ಲಿ ಬಹುಪಾಲು ಪ್ರಭೇದಗಳಿಗೆ ಪರಾಗಸ್ಪರ್ಶ ಮಾಡುವುದು ಸೂರಕ್ಕಿ. ಹೂ ಮೊದಲು ಗಂಡಾಗಿ ಅರಳುತ್ತದೆ. ಕೇಸರಗಳು ಹೊರಚಾಚಿ, ಮಕರಂದಕ್ಕೆ ಬಂದ ಹಕ್ಕಿಯ ತಲೆಗೆ ಪರಾಗ ಹಚ್ಚುತ್ತವೆ. ಕೆಲವು ದಿನ ಕಳೆದ ಮೇಲೆ ಕೇಸರಗಳು ಬಾಡಿ ಹಿಂದೆ ಸರಿದು, ಶಲಾಕೆ ಉದ್ದವಾಗಿ ಅದೇ ಜಾಗಕ್ಕೆ ಬರುತ್ತದೆ. ಹೀಗಾಗಿ ಒಂದೇ ಹೂವಿನ ಪರಾಗ ಅದಕ್ಕೇ ತಗಲುವ ಸಂಭವ ಕಡಿಮೆ. ತೈವಾನಿನಲ್ಲಿ ಬೆಳೆಯುವ, ಹಸುರು ಹೂವಿನ ಈಸ್ಕಿನಾಂಥಸ್ ಅಕ್ಯುಮಿನೇಟಸ್‌ಗೆ ಸೂರಕ್ಕಿಯ ನೆರವಿಲ್ಲ, ಅಲ್ಲಿ ಆ ಹಕ್ಕಿಯೇ ಇಲ್ಲ. ಬಗೆಬಗೆಯ ಆಹಾರ ತಿನ್ನುವ ಚಿಕ್ಕ ಹಕ್ಕಿಗಳು ಆ ಕೆಲಸ ಮಾಡುತ್ತವೆ. ಕಾಯಿ ತೆಳುವಾದ ಉದ್ದ ಸಂಪುಟ; ಒಡೆದಾಗ ಕೂದಲಿನಂಥ ಬಾಲಗಳುಳ್ಳ ಸಣ್ಣ ಬೀಜಗಳು ಗಾಳಿಯಲ್ಲಿ ತೇಲಿ ಇನ್ನೊಂದು ಕೊಂಬೆ ಸೇರುತ್ತವೆ. ಪುಣೆಯಲ್ಲೂ ನೇರಳೆ ಸೂರಕ್ಕಿ ಸಾಮಾನ್ಯ. ಕೆಳ ಮಹಡಿಯ ಬಾಲ್ಕನಿಯಲ್ಲಿ ಹೂ ಬಿಟ್ಟ ಕುಂಡಕ್ಕೆ ಅದು ಬಂದರೆ ಓಡಿಸಬಾರದು, ಗಿಡಕ್ಕೆ ಅದರಿಂದ ಯಾವ ತೊಂದರೆಯೂ ಇಲ್ಲ.

ಇದರ ಜೊತೆಗೇ ಮಾರಾಟಕ್ಕಿರುವ ಕೊಲಮ್ನಿಯ, ನೆಮಟಾಂಥಸ್ ಗಿಡಗಳನ್ನು ಹಲವರು ಲಿಪ್‌ಸ್ಟಿಕ್ ಗಿಡವೆಂದೇ ಕೊಳ್ಳುತ್ತಾರೆ. ಅವೂ ಗೆಸ್ನೇರಿಯೇಸೀ ಕುಟುಂಬದವೇ, ಅವೂ ಮರದ ಮೇಲಿನವೇ, ಆದರೆ ಅಮೆರಿಕ ಖಂಡದವು. ಅವುಗಳ ಪರಾಗಸ್ಪರ್ಶ ಝೇಂಕಾರದ ಹಕ್ಕಿಯದು. ಎರಡು ಖಂಡಗಳಲ್ಲಿ ಎರಡು ಬೇರೆ ಹಕ್ಕಿಗಳು ಒಂದೇ ಬಗೆಯ ಹೂವನ್ನು ರೂಪಿಸಿವೆ ಎಂಬುದು ಈ ಕುಟುಂಬದ ಅತ್ಯಂತ ಸೊಗಸಾದ ಸಂಗತಿ. ಆರೈಕೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಗುಲ್ಟೆಕಡಿಯ ಹವೆ

ಸ್ವಾರಗೇಟಿನ ದಕ್ಷಿಣಕ್ಕೆ ಗುಲ್ಟೆಕಡಿಯಲ್ಲಿರುವ ಮಾರ್ಕೆಟ್ ಯಾರ್ಡ್ ಪುಣೆಯ ಸಗಟು ಕೃಷಿ ಮಾರುಕಟ್ಟೆ. ತರಕಾರಿ, ಹಣ್ಣು, ಈರುಳ್ಳಿ-ಆಲೂಗಡ್ಡೆ, ಬೆಲ್ಲ, ದವಸ, ಹೂ ಎಲ್ಲಕ್ಕೂ ಇಲ್ಲಿ ಪ್ರತ್ಯೇಕ ವಿಭಾಗಗಳಿವೆ. ಹೂಬಾಜಾರಿನಲ್ಲಿ ನಡೆಯುವುದು ಬಿಡಿಹೂ ಮತ್ತು ಕತ್ತರಿಸಿದ ಹೂಗಳ ವಹಿವಾಟು: ಚೆಂಡುಹೂ, ಸೇವಂತಿಗೆ, ಗುಲಾಬಿ, ನಿಶಿಗಂಧ ಎನ್ನುವ ಸುಗಂಧರಾಜ. ತೂಗುಕುಂಡದ ಗಿಡಗಳಿಗೆ ಜನ ಹೋಗುವುದು ಹಡಪ್ಸರ್ ದಾಟಿ ಸೋಲಾಪುರ ರಸ್ತೆಯಲ್ಲಿ ಉರುಳಿ ಕಾಂಚನದವರೆಗೆ ಸಾಲುಗಟ್ಟಿರುವ ನರ್ಸರಿಗಳಿಗೆ. ಜನವರಿಯ ಕೊನೆಯಲ್ಲಿ ಎಂಪ್ರೆಸ್ ಗಾರ್ಡನ್‌ನಲ್ಲಿ ನಡೆಯುವ ಪುಷ್ಪ ಪ್ರದರ್ಶನವೂ ಗಿಡ ಕೊಳ್ಳುವವರಿಗೆ ಹಬ್ಬ. ಆ ತೋಟವನ್ನು ನೋಡಿಕೊಳ್ಳುವ ಪಶ್ಚಿಮ ಭಾರತ ಕೃಷಿ-ತೋಟಗಾರಿಕಾ ಸಂಘ 1830ರಷ್ಟು ಹಳೆಯದು.

ಗಿಡದ ತವರಿಗೂ ಪುಣೆಗೂ ಇರುವ ಅಂತರವನ್ನು ಮೊದಲು ಒಪ್ಪಿಕೊಳ್ಳಬೇಕು. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆ ಘಟ್ಟದ ಮಳೆನೆರಳಿನ ಊರು. ಮಹಾಬಳೇಶ್ವರದಲ್ಲಿ ವರ್ಷಕ್ಕೆ 500 ಸೆಂಟಿಮೀಟರಿಗೂ ಮಿಕ್ಕಿ ಮಳೆಯಾದರೆ ಇಲ್ಲಿ ಸುಮಾರು 70 ಸೆಂಟಿಮೀಟರ್, ಅದೂ ಬಹುತೇಕ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಏಪ್ರಿಲ್ ಮಧ್ಯಾಹ್ನ ತಾಪಮಾನ 38-40 ಡಿಗ್ರಿ ಮುಟ್ಟುತ್ತದೆ, ಗಾಳಿ ಒಣಗಿ ಹೋಗುತ್ತದೆ. ಡಿಸೆಂಬರ್-ಜನವರಿಯ ರಾತ್ರಿ 10-12 ಡಿಗ್ರಿಗೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ ಇಳಿಯುತ್ತದೆ. ಗಿಡ ಬಯಸುವುದು 18ರಿಂದ 27 ಡಿಗ್ರಿ ಮತ್ತು ಸದಾ ತೇವದ ಗಾಳಿ. ಮಂಗಳೂರು, ಶಿರಸಿ, ತೀರ್ಥಹಳ್ಳಿಯ ಜಗಲಿಯಲ್ಲಿ ತೆಂಗಿನ ಸಿಪ್ಪೆಗೆ ಕಟ್ಟಿಟ್ಟರೂ ತಾನಾಗಿ ಬೆಳೆಯುವ ಗಿಡ ಇಲ್ಲಿ ಕೈಯಾಸರೆ ಕೇಳುವುದು ಇದೇ ಕಾರಣಕ್ಕೆ. ಅಲ್ಲಿನ ಮನೆಯಿಂದ ತುಂಡು ತಂದು ಪುಣೆಯಲ್ಲಿ ನೆಡುವ ಕನ್ನಡಿಗರು, ಊರಿನ ಆರೈಕೆಯನ್ನೂ ಹಾಗೇ ತಂದರೆ ಗಿಡ ಮೊದಲ ಬೇಸಿಗೆ ದಾಟುವುದಿಲ್ಲ.

ಇದರ ಮೇಲೆ ಮಾರುಕಟ್ಟೆಯ ಧೂಳು ಬೇರೆ. ರಾತ್ರಿಯಿಂದ ಬೆಳಗಿನವರೆಗೆ ಲಾರಿ, ಟೆಂಪೊಗಳ ಓಡಾಟವಿರುವ ಈ ಭಾಗದಲ್ಲಿ ಎಲೆಯ ಮೇಲೆ ಬೇಗನೆ ಧೂಳಿನ ಪದರ ಕೂರುತ್ತದೆ. ಬೆಳಕು ಒಳಗಿಳಿಯುವುದಿಲ್ಲ, ನುಸಿಗೆ ಅನುಕೂಲವಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಕುಂಡವನ್ನು ಬಚ್ಚಲಿಗೆ ಒಯ್ದು, ಕೋಣೆಯ ಹದದ ನೀರಿನಲ್ಲಿ ಎಲೆಯ ಮೇಲೂ ಕೆಳಗೂ ತೊಳೆಯಬೇಕು. ಈ ಕೆಲಸ ಬೆಳಿಗ್ಗೆಯೇ ಆಗಬೇಕು. ತೊಳೆದ ಗಿಡವನ್ನು ಒದ್ದೆಯಾಗಿಯೇ ಬಿಸಿಲಿಗೆ ಇಡಬಾರದು. ತಣ್ಣೀರನ್ನಂತೂ ಬಳಸಲೇಬಾರದು, ಗೆಸ್ನೇರಿಯೇಸೀ ಕುಟುಂಬದ ಹಲವು ಗಿಡಗಳ ಎಲೆಯ ಮೇಲೆ ತಣ್ಣೀರಿನಿಂದ ಬಿಳಿಚಿದ ಕಲೆಗಳು ನಿಲ್ಲುತ್ತವೆ.

ಮಾವಿನ ಕಾಲ ಮತ್ತು ಮೊಗ್ಗು ಉದುರುವಿಕೆ

ಮಾರ್ಕೆಟ್ ಯಾರ್ಡಿನ ಸುತ್ತ ಈ ಗಿಡ ಬೆಳೆಸುವವರು ತಿಳಿದಿರಬೇಕಾದ ಮುಖ್ಯ ಸಂಗತಿ ಇದು, ಸಾಮಾನ್ಯ ತೋಟಗಾರಿಕೆ ಕೈಪಿಡಿಗಳಲ್ಲಿ ಇದಕ್ಕೆ ಸಿಗುವ ಜಾಗ ತೀರ ಕಡಿಮೆ. ಮಾರ್ಚ್ ದಾಟಿದೊಡನೆ ಇಲ್ಲಿನ ಹಣ್ಣಿನ ವಿಭಾಗಕ್ಕೆ ಕೊಂಕಣದ ಹಾಪುಸ್ ಮಾವು ಹೆಚ್ಚಾಗಿ ಬರತೊಡಗುತ್ತದೆ. ಅದರ ಹಿಂದೆಯೇ ತುಮಕೂರು ಕಡೆಯಿಂದ ಇಲ್ಲಿನವರು ಕರ್ನಾಟಕ ಹಾಪುಸ್ ಎನ್ನುವ ಮಾವೂ ಬರುತ್ತದೆ. ಸುತ್ತಲಿನ ಮನೆಗಳಲ್ಲಿ ಹುಲ್ಲು ಹಾಸಿದ ಪೆಟ್ಟಿಗೆಗಳಲ್ಲಿ ಹಣ್ಣು ಮಾಗಲು ಕೂರುತ್ತದೆ. ಮಾಗುವ ಮಾವು, ಬಾಳೆ, ಸೇಬುಗಳು ಎಥಿಲೀನ್ ಅನಿಲ ಬಿಡುತ್ತವೆ. ಈ ಅನಿಲವೇ ಹಣ್ಣಿಗೆ ಮಾಗಲು ಸೂಚನೆ ಕೊಡುವ ಸಸ್ಯ ಹಾರ್ಮೋನು. ಎಲೆ, ಮೊಗ್ಗುಗಳಿಗೆ ಕಳಚಿ ಬೀಳಲು ಸೂಚನೆ ಕೊಡುವುದೂ ಇದೇ. ಲಿಪ್‌ಸ್ಟಿಕ್ ಗಿಡ ಎಥಿಲೀನ್‌ಗೆ ಬೇಗ ಸೋಲುವ ಕುಂಡದ ಗಿಡಗಳಲ್ಲೊಂದು. ನರ್ಸರಿಯಿಂದ ಮೊಗ್ಗು ತುಂಬಿ ಬಂದ ಕುಂಡವನ್ನು ಮುಚ್ಚಿದ ಕೋಣೆಯಲ್ಲಿ ಮಾವಿನ ಪೆಟ್ಟಿಗೆಯ ಪಕ್ಕ ತೂಗುಹಾಕಿದರೆ ಕೆಲವೇ ದಿನಗಳಲ್ಲಿ ಮೊಗ್ಗುಗಳು ನೆಲದ ಮೇಲಿರುತ್ತವೆ. ಎಲೆ ಹಸುರಾಗಿಯೇ ಇರುತ್ತದೆ, ಬೇರೂ ಚೆನ್ನಾಗಿರುತ್ತದೆ. ಮನೆಯವರು ನೀರು ಹೆಚ್ಚಾಯಿತೋ ಕಡಿಮೆಯಾಯಿತೋ, ಯಾರ ದೃಷ್ಟಿ ತಗಲಿತೋ ಎಂದು ಕೊರಗುತ್ತಾರೆ. ಕಾರಣ ಪಕ್ಕದ ಪೆಟ್ಟಿಗೆಯಲ್ಲಿರುತ್ತದೆ.

ಸಸ್ಯಗಳ ಮೇಲೆ ಈ ಅನಿಲದ ಪ್ರಭಾವ ಗೊತ್ತಾದದ್ದು ಬೀದಿ ದೀಪಗಳಿಂದ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ನಗರಗಳಲ್ಲಿ ದೀಪದ ಅನಿಲ ಸೋರಿದ ಕಡೆ ಬೀದಿಮರಗಳು ಎಲೆ ಉದುರಿಸುತ್ತಿದ್ದವು. ಆ ಅನಿಲದಲ್ಲಿ ಈ ಪರಿಣಾಮ ಬೀರುವ ಭಾಗ ಎಥಿಲೀನ್ ಎಂದು 1901ರಲ್ಲಿ ಬಟಾಣಿ ಮೊಳಕೆಗಳ ಮೂಲಕ ತೋರಿಸಿದವನು ರಷ್ಯದ ದಿಮಿತ್ರಿ ನೆಲ್ಯೂಬೊವ್. ಈಗ ಸಗಟು ವ್ಯಾಪಾರದಲ್ಲಿ ಹಣ್ಣನ್ನು ಎಥಿಲೀನ್ ಕೋಣೆಗಳಲ್ಲಿ ಮಾಗಿಸುತ್ತಾರೆ. ಆಹಾರ ಸುರಕ್ಷತಾ ಪ್ರಾಧಿಕಾರ 100 ಪಿಪಿಎಂವರೆಗೆ ಅದಕ್ಕೆ ಅನುಮತಿ ಕೊಟ್ಟಿದೆ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಮಾಗಿಸುವುದು ನಿಷಿದ್ಧ. ಕಾರ್ಬೈಡ್‌ನಿಂದ ಹೊಮ್ಮುವ ಅಸಿಟಿಲೀನ್ ಕೂಡ ಎಥಿಲೀನ್‌ನಂತೆಯೇ ವರ್ತಿಸುವುದರಿಂದ, ಅದು ಮನುಷ್ಯರಿಗೆ ಹಾನಿಕರವಾಗಿರುವ ಜೊತೆಗೆ ಹತ್ತಿರದ ಹೂಗಿಡಗಳಿಗೂ ಕೇಡು. ವಾಹನದ ಹೊಗೆ, ಊದುಬತ್ತಿಯ ಹೊಗೆ, ಸರಿಯಾಗಿ ಉರಿಯದ ಒಲೆ ಇವುಗಳಲ್ಲೂ ಎಥಿಲೀನ್ ಇರುತ್ತದೆ.

ಪರಿಹಾರ ಸರಳ. ಮಾವಿನ ಕಾಲದಲ್ಲಿ ಗಿಡ ಮತ್ತು ಹಣ್ಣು ಒಂದೇ ಕೋಣೆಯಲ್ಲಿ ಇರಬಾರದು. ಹಣ್ಣು ಅಡುಗೆಮನೆಯಲ್ಲಿದ್ದರೆ ಗಿಡ ಬಾಲ್ಕನಿಯಲ್ಲಿ, ಕಿಟಕಿ ತೆರೆದು ಗಾಳಿಯಾಡುವಂತೆ. ದೇವರ ಕೋಣೆಯ ಬಾಗಿಲಲ್ಲಿ ತೂಗುಹಾಕುವ ಆಸೆ ಹಲವರಿಗಿರುತ್ತದೆ. ಎಲೆಯ ಚೆಂದಕ್ಕಾದರೆ ಸರಿ, ಹೂ ಬೇಕಾದರೆ ಊದುಬತ್ತಿಯ ಹೊಗೆಯಾಡುವ ಆ ಜಾಗ ಬೇಡ. ರಸ್ತೆಗೆ ತೀರ ಹತ್ತಿರವಿರುವ ತಗ್ಗಿನ ಬಾಲ್ಕನಿಗಿಂತ ಹಿಂಬದಿಯ ಅಂಗಳದ ಕಡೆಯ ಕಿಟಕಿ ಉತ್ತಮ. ಸಾಗಣೆಯಲ್ಲೂ ಇದೇ ಎಚ್ಚರ ಬೇಕು: ಪೇಟೆಯಿಂದ ಬರುವಾಗ ಕಾರಿನ ಹಿಂಭಾಗದಲ್ಲಿ ಬಾಳೆಗೊನೆ, ಮಾವಿನ ಪೆಟ್ಟಿಗೆಯ ಜೊತೆ ಹೂಕುಂಡ ಇಟ್ಟು ಕಿಟಕಿ ಮುಚ್ಚಬಾರದು. ಬೆಳಕು ಫಕ್ಕನೆ ಕಡಿಮೆಯಾದರೂ, ಮಿಶ್ರಣ ಪೂರ್ತಿ ಒಣಗಿದರೂ, ಮೊಗ್ಗು ಬಿಟ್ಟ ಮೇಲೆ ಜಾಗ ಬದಲಿಸಿದರೂ ಮೊಗ್ಗು ಉದುರುತ್ತದೆ. ಇವೆಲ್ಲ ಸರಿಯಿದ್ದೂ ಉದುರಿದರೆ ಹಣ್ಣನ್ನೇ ಅನುಮಾನಿಸಬೇಕು.

ಕುಂಡ, ಮಿಶ್ರಣ, ಜಾಗ

ಕೆಂಪು ಮಣ್ಣು, ಪುಣೆಯ ಕಪ್ಪು ಎರೆಮಣ್ಣು ಎರಡೂ ಈ ಗಿಡಕ್ಕೆ ಬೇಡ. ತೆಂಗಿನ ನಾರಿನ ಪುಡಿ, ಸಣ್ಣ ತೆಂಗಿನ ಸಿಪ್ಪೆ ಅಥವಾ ಮರದ ತೊಗಟೆಯ ಚೂರು, ಪರ್ಲೈಟ್ ಇವು ಹೆಚ್ಚುಕಡಿಮೆ ಸಮಪಾಲು, ಒಂದು ಹಿಡಿ ಇದ್ದಿಲು ಚೂರು, ಒಂದು ಹಿಡಿ ಚೆನ್ನಾಗಿ ಕಳಿತ ಎರೆಹುಳು ಗೊಬ್ಬರ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಒಸರಿ, ಬಿಟ್ಟಾಗ ಉಂಡೆ ಒಡೆಯಬೇಕು. ಅದೇ ಹದ. ಮಾರ್ಕೆಟ್ ಯಾರ್ಡಿನ ತೆಂಗಿನಕಾಯಿ ಮಳಿಗೆಗಳ ಆಸುಪಾಸಿನಲ್ಲಿ ಸಿಪ್ಪೆಗೆ ಕೊರತೆಯಿಲ್ಲ, ಅದನ್ನು ಕತ್ತರಿಸಿ ಬಳಸಬಹುದು. ಆದರೆ ಹಸಿ ಸಿಪ್ಪೆಯಲ್ಲಿ ಉಪ್ಪಿನಂಶ ಮತ್ತು ಕಂದು ಕಷಾಯದಂಥ ರಸ ಇರುತ್ತದೆ. ಹಲವು ಸಲ ನೀರು ಬದಲಿಸಿ ನೆನೆಸಿ, ನೀರು ತಿಳಿಯಾದ ಮೇಲೆಯೇ ಉಪಯೋಗಿಸಬೇಕು. ಅಂಗಡಿಯ ಇಟ್ಟಿಗೆ ರೂಪದ ಕೋಕೋಪೀಟ್ ಅನ್ನೂ ಒಮ್ಮೆ ತೊಳೆಯುವುದು ಕ್ಷೇಮ.

ಕುಂಡ ಚಿಕ್ಕದಿರಲಿ. ಆರು ಇಂಚಿನ ಕುಂಡದಲ್ಲಿ ನಾಲ್ಕೈದು ತುಂಡುಗಳನ್ನು ಒಟ್ಟಿಗೆ ನೆಟ್ಟರೆ ಬುಟ್ಟಿ ತುಂಬಿ ಕಾಣುತ್ತದೆ. ಬೇರು ಕುಂಡವನ್ನು ತುಂಬಿಕೊಂಡಾಗ ಗಿಡ ಚೆನ್ನಾಗಿ ಹೂ ಬಿಡುತ್ತದೆ. ದೊಡ್ಡ ಕುಂಡದಲ್ಲಿ ಬೇರಿಲ್ಲದ ಭಾಗ ಒದ್ದೆಯಾಗಿಯೇ ಉಳಿದು ಕೊಳೆತ ಆರಂಭವಾಗುತ್ತದೆ. ನಾರು ಹಾಸಿದ ತಂತಿ ಬುಟ್ಟಿ ನೋಡಲು ಚೆಂದ, ಕರಾವಳಿಗೆ ಸರಿ. ಪುಣೆಯ ಏಪ್ರಿಲ್‌ನಲ್ಲಿ ಅದು ಒಂದೇ ದಿನದಲ್ಲಿ ಒಣಗುತ್ತದೆ. ಇಲ್ಲಿಗೆ ತೂತುಗಳುಳ್ಳ ಪ್ಲಾಸ್ಟಿಕ್ ತೂಗುಕುಂಡವೇ ವಾಸಿ. ಅದರ ಅಡಿಯಲ್ಲಿ ಅಂಟಿಸಿದ ತಟ್ಟೆಯನ್ನು ಮಳೆಗಾಲದಲ್ಲಿ ಕಳಚಿಡಬೇಕು, ಇಲ್ಲವಾದರೆ ನೀರು ನಿಂತು ಬೇರಿಗೂ ಕೇಡು, ಸೊಳ್ಳೆಗೂ ದಾರಿ.

ಬೆಳಕು ಹೂವಿನ ಮೊದಲ ಷರತ್ತು. ಮರದ ಎಲೆಗಳ ನಡುವೆ ಸೋಸಿ ಬರುವಂಥ ಪ್ರಕಾಶ ಬೇಕು. ನೆತ್ತಿಯ ಬಿಸಿಲು ಎಲೆಯನ್ನು ಸುಡುತ್ತದೆ, ಮಬ್ಬು ಮೂಲೆಯಲ್ಲಿ ಕಾಂಡ ಉದ್ದುದ್ದಕ್ಕೆ ಬೆಳೆದು ಎಲೆ ವಿರಳವಾಗಿ ಹೂ ಬರುವುದೇ ಇಲ್ಲ. ಪೂರ್ವದ ಬಾಲ್ಕನಿ ಎಲ್ಲಕ್ಕಿಂತ ಒಳ್ಳೆಯದು: ಎಳೆಬಿಸಿಲು ಎರಡು ಗಂಟೆ ಬಿದ್ದರೆ ಗಿಡಕ್ಕೆ ಹಿತ. ಪಶ್ಚಿಮದ್ದಾದರೆ ಮಾರ್ಚ್‌ನಿಂದ ಮೇವರೆಗೆ ಹಸಿರು ನೆರಳು ಪರದೆ ಕಟ್ಟಲೇಬೇಕು. ಗಿಡವನ್ನು ತಾರಸಿಗೆ ತಾಗುವಷ್ಟು ಎತ್ತರಕ್ಕೆ ಏರಿಸುವುದು ಸಾಮಾನ್ಯ ತಪ್ಪು. ಮೇಲ್ಮಹಡಿಯ ಸ್ಲ್ಯಾಬಿನ ಕೆಳಗೆ ಕಾದ ಗಾಳಿ ನಿಲ್ಲುತ್ತದೆ. ಅಲ್ಲಿರುವ ಕುಂಡದ ನೀರಿನ ಸ್ಥಿತಿ ಕೈಗೂ ಕಣ್ಣಿಗೂ ತಿಳಿಯುವುದಿಲ್ಲ. ಕಣ್ಣಿನ ಮಟ್ಟಕ್ಕೆ ತೂಗಿದರೆ ಹೂವೂ ಕಾಣುತ್ತದೆ, ಹುಳವೂ ಕಾಣುತ್ತದೆ.

ವರ್ಷದ ಸುತ್ತು

ಮಳೆಗಾಲ ಇಲ್ಲಿ ಗಿಡದ ನಿಜವಾದ ಬೆಳವಣಿಗೆಯ ಕಾಲ. ಮೃಗಶಿರಾ ಮಳೆ ಬಿದ್ದು ಗಾಳಿಯಲ್ಲಿ ತೇವ ಏರಿದೊಡನೆ ಹೊಸ ಚಿಗುರು ಹೊರಡುತ್ತದೆ. ಆರಿದ್ರಾದಿಂದ ಮುಂದೆ ನೀರು ಕೊಡುವ ಕೆಲಸ ಕಡಿಮೆ, ಸುರಿಮಳೆಯಿಂದ ಕಾಯುವ ಕೆಲಸ ಹೆಚ್ಚು. ಜೂನ್‌ನಿಂದ ಅಕ್ಟೋಬರ್‌ವರೆಗೆ, ಕೃಷಿ ಸೇವಾ ಕೇಂದ್ರಗಳಲ್ಲಿ ಸಿಗುವ 19:19:19 ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂನಂತೆ ಹದಿನೈದು ದಿನಕ್ಕೊಮ್ಮೆ ಕೊಡಬಹುದು. ಕೊಂಬೆಯ ಮೇಲಿನ ಗಿಡಕ್ಕೆ ತೆಳ್ಳನೆಯ ಊಟವೇ ರೂಢಿ. ಬೆಳೆಗೆ ಹಾಕುವ ಪ್ರಮಾಣ ಹಾಕಿದರೆ ಬೇರು ಸುಡುತ್ತದೆ.

ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುತ್ತದೆ. ಗೊಬ್ಬರ ನಿಲ್ಲಿಸಿ, ನೀರನ್ನು ಕಡಿಮೆ ಮಾಡಬೇಕು. 13 ಡಿಗ್ರಿಗಿಂತ ಕೆಳಗಿನ ರಾತ್ರಿಗಳಲ್ಲಿ ಕುಂಡವನ್ನು ಒಳಗೆ ತರುವುದು ಒಳ್ಳೆಯದು. ಚಳಿಯೂ ಒದ್ದೆಯೂ ಒಟ್ಟಾದರೆ ಎಲೆ ರಾಶಿರಾಶಿಯಾಗಿ ಉದುರುತ್ತದೆ. ತುಸು ತಂಪು, ತುಸು ಒಣ, ಒಳ್ಳೆಯ ಬೆಳಕು ಇರುವ ಈ ವಿಶ್ರಾಂತಿ ಸಿಕ್ಕ ಗಿಡ ಮುಂದೆ ಹೂವಿಗೆ ಚೆನ್ನಾಗಿ ತಯಾರಾಗುತ್ತದೆ.

ಬೇಸಿಗೆ ಪರೀಕ್ಷೆಯ ಕಾಲ. ನೀರಿನ ಹದ ಅರಿಯಲು ಕುಂಡವನ್ನು ಅಂಗೈ ಮೇಲೆ ಎತ್ತಿ ನೋಡುವುದೇ ನಂಬಬಹುದಾದ ದಾರಿ: ಹಗುರವಾದಾಗ ನೀರು, ಭಾರವಿದ್ದರೆ ಬೇಡ. ಪೂರ್ತಿ ಒಣಗಿದ ಕೋಕೋಪೀಟ್ ಮೇಲಿಂದ ಹಾಕಿದ ನೀರನ್ನು ಹೀರದೆ ಬದಿಯಿಂದ ಹರಿಯಬಿಡುತ್ತದೆ. ಆಗ ಕುಂಡವನ್ನು ಬಕೆಟ್ ನೀರಿನಲ್ಲಿ ಹತ್ತು-ಹದಿನೈದು ನಿಮಿಷ ಅದ್ದಿ, ಪೂರ್ತಿ ಬಸಿದ ಮೇಲೆ ತೂಗುಹಾಕಬೇಕು. ಎಲೆಗೆ ಸ್ಪ್ರೇ ಮಾಡಿದ ನೀರು ಪುಣೆಯ ಏಪ್ರಿಲ್‌ನಲ್ಲಿ ನಿಮಿಷಗಳಲ್ಲಿ ಆರುವುದರಿಂದ ಅದರ ಪ್ರಯೋಜನ ಅಲ್ಪ. ನಾಲ್ಕಾರು ಕುಂಡಗಳನ್ನು ಹತ್ತಿರ ಹತ್ತಿರ ತೂಗಿ, ಕೆಳಗೆ ಅಗಲ ಬಾಯಿಯ ನೀರಿನ ಪಾತ್ರೆ ಇಟ್ಟು, ಆ ನೀರನ್ನು ದಿನವೂ ಬದಲಿಸಿದರೆ ಸುತ್ತಲಿನ ಗಾಳಿ ಹೆಚ್ಚು ಹೊತ್ತು ತೇವವಾಗಿರುತ್ತದೆ. ಫ್ಯಾನು, ಎಸಿಯ ನೇರ ಗಾಳಿ ತಾಗಬಾರದು. ಈ ತಿಂಗಳುಗಳಲ್ಲಿ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಮಿಶ್ರಣದ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದು ಗಡಸು ನೀರಿನ ಲವಣ. ಮೇಲಿನ ಪದರ ಕೆರೆದು ತೆಗೆದು, ತಿಂಗಳಿಗೊಮ್ಮೆ ಮೃದು ನೀರನ್ನು ಧಾರಾಳವಾಗಿ ಹಾಯಿಸಿ ತೊಳೆಯಬೇಕು. ಮಳೆನೀರು ಹಿಡಿದಿಡಲು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಕೀಟ, ರೋಗ

ಹೆಚ್ಚು ಕಾಡುವುದು ಹಿಟ್ಟು ತಿಗಣೆ. ಎಲೆಯ ಕಂಕುಳಲ್ಲಿ ಬಿಳಿ ಹತ್ತಿಯಂತೆ ಕಾಣುವ ಇದನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆದು, ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ ಮತ್ತು ಕೆಲವು ಹನಿ ಸೋಪುನೀರು ಬೆರೆಸಿ ವಾರಕ್ಕೊಮ್ಮೆ, ಮೂರು-ನಾಲ್ಕು ಸಲ, ಸಂಜೆಯ ಹೊತ್ತು ಸಿಂಪಡಿಸಬೇಕು. ಬೇಸಿಗೆಯಲ್ಲಿ ಕೆಂಪು ನುಸಿ, ಎಳೆ ಚಿಗುರಿಗೆ ಹೇನು, ಹೂವಿಗೆ ಥ್ರಿಪ್ಸ್ ಬರುತ್ತವೆ. ಹೂಬಾಜಾರಿನಿಂದ ತಂದ ಚೆಂಡುಹೂ, ಸೇವಂತಿಗೆಯಲ್ಲಿ ಥ್ರಿಪ್ಸ್ ಇರುವುದು ಸಹಜ. ದೇವರ ನಿರ್ಮಾಲ್ಯವನ್ನು ಗೊಬ್ಬರವೆಂದು ಕುಂಡಕ್ಕೆ ಹಾಕುವ ರೂಢಿಯನ್ನು ಈ ಗಿಡದ ಮಟ್ಟಿಗೆ ಬಿಡಬೇಕು. ಹುಳ ದಾಟುವುದಲ್ಲದೆ, ಕೊಳೆಯುವ ಹೂ ಬೇರಿನ ಗಾಳಿಯನ್ನೂ ತಡೆಯುತ್ತದೆ. ನಿರ್ಮಾಲ್ಯ ಕಾಂಪೋಸ್ಟ್ ಡಬ್ಬಿಗೆ ಹೋಗಲಿ, ಕಳಿತ ಮೇಲೆ ದಾಸವಾಳಕ್ಕೆ ಬರಲಿ.

ಬೇರು ಕೊಳೆತಕ್ಕೆ ಔಷಧಿ ಹುಡುಕುವುದರಲ್ಲಿ ಅರ್ಥವಿಲ್ಲ. ಗಿಡವನ್ನು ಹೊರತೆಗೆದು ಕಪ್ಪಾದ ಬೇರು ಕತ್ತರಿಸಿ, ಇನ್ನೂ ಬಿಗಿಯಾಗಿರುವ ಕಾಂಡದ ತುದಿಗಳನ್ನು ಹೊಸದಾಗಿ ನೆಡುವುದೇ ಉಪಾಯ. ಮನೆಯಲ್ಲಿ ಬೆಕ್ಕು, ನಾಯಿ ಇರುವವರು ಅಂಜಬೇಕಿಲ್ಲ: ಇದು ಅವುಗಳಿಗೆ ವಿಷಕಾರಿ ಅಲ್ಲದ ಗಿಡಗಳ ಪಟ್ಟಿಯಲ್ಲಿದೆ.

ಸವರುವಿಕೆ ಮತ್ತು ಹೊಸ ಗಿಡ

ಹೂ ಬರುವುದು ಹೊಸ ಕಾಂಡದ ತುದಿಯಲ್ಲಿ. ಸವರದೆ ಬಿಟ್ಟ ಗಿಡದ ಬುಡ ಬೋಳಾಗಿ, ತುದಿಯಲ್ಲಿ ಮಾತ್ರ ನಾಲ್ಕು ಎಲೆ ಉಳಿಯುತ್ತವೆ. ಹೂವಿನ ಸುಗ್ಗಿ ಮುಗಿದೊಡನೆ ಉದ್ದದ ಕಾಂಡಗಳನ್ನು ಮೂರರಲ್ಲಿ ಒಂದು ಭಾಗದಷ್ಟು, ಗೆಣ್ಣಿನ ಮೇಲೆ ಕತ್ತರಿಸಬೇಕು. ಒಂದು ಕಾಂಡ ಕಡಿದಲ್ಲಿ ಎರಡು ಚಿಗುರುತ್ತವೆ. ಹೂ ಬಿಡುವ ತುದಿಯನ್ನು ಕತ್ತರಿಸಲು ಮನಸ್ಸು ಬಾರದೆ ಮುಂದೂಡಿದರೆ ಮುಂದಿನ ವರ್ಷದ ಹೂವೇ ಕಡಿಮೆಯಾಗುತ್ತದೆ.

ಕತ್ತರಿಸಿದ್ದು ಎಸೆಯುವುದಲ್ಲ. ನಾಲ್ಕೈದು ಇಂಚಿನ, ಹೂವಿಲ್ಲದ ತುದಿಗಳನ್ನು ಆಯ್ದು, ಕೆಳಗಿನ ಎರಡು ಜೊತೆ ಎಲೆ ತೆಗೆದು, ಬರಿಯ ಗೆಣ್ಣು ಒಳಗೆ ಹೋಗುವಂತೆ ತೇವದ ಕೋಕೋಪೀಟ್-ಪರ್ಲೈಟ್ ಮಿಶ್ರಣದಲ್ಲಿ ಊರಬೇಕು. ಮೇಲೆ ಪಾರದರ್ಶಕ ಚೀಲ ಮುಚ್ಚಿ, ಬಿಸಿಲು ಬೀಳದ ಬೆಳಕಿನಲ್ಲಿಟ್ಟರೆ ಮೂರು-ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಪುಣೆಯಲ್ಲಿ ಇದಕ್ಕೆ ಜೂನ್ ಕೊನೆಯಿಂದ ಆಗಸ್ಟ್‌ವರೆಗಿನ ಕಾಲ ಎಷ್ಟು ಅನುಕೂಲವೆಂದರೆ ಚೀಲದ ಅಗತ್ಯವೂ ಬೀಳುವುದಿಲ್ಲ. ಮಲೆನಾಡು, ಕರಾವಳಿಯ ಮನೆಯಿಂದ ತುಂಡು ತರುವವರು ಅದನ್ನು ಒದ್ದೆ ಕಾಗದದಲ್ಲಿ ಸಡಿಲವಾಗಿ ಸುತ್ತಿ, ಬಾಯಿ ತೆರೆದ ಚೀಲದಲ್ಲಿ, ಹಣ್ಣಿನ ಬುಟ್ಟಿಯಿಂದ ದೂರವಿಟ್ಟು ತರಬೇಕು. ರಾತ್ರಿ ಹೊರಟು ಬೆಳಿಗ್ಗೆ ಸ್ವಾರಗೇಟ್ ಸೇರುವ ಬಸ್ಸಿನ ಪ್ರಯಾಣವನ್ನು ಅದು ಸುಲಭವಾಗಿ ತಾಳುತ್ತದೆ. ಮಿಶ್ರಣ ಎರಡು ವರ್ಷದಲ್ಲಿ ಪುಡಿಯಾಗಿ ಗಾಳಿಯಾಡುವುದು ನಿಲ್ಲುವುದರಿಂದ, ಅಷ್ಟರೊಳಗೆ ಅದನ್ನು ಬದಲಿಸಿ, ಅದೇ ಕುಂಡದಲ್ಲಿ ಹಳೆಯ ಬುಡದ ಸುತ್ತ ಬೇರು ಬಂದ ಹೊಸ ತುಂಡುಗಳನ್ನು ಸೇರಿಸಿದರೆ ಬುಟ್ಟಿ ಮತ್ತೆ ತುಂಬಿಕೊಳ್ಳುತ್ತದೆ.